ಮೊಳಕೆ ರಾಗಿಯೂ ಬೀರಿನ ಚರಿತ್ರೆಯೂ

ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಸುತ್ತಣ ಹಳ್ಳಿಗಳಲ್ಲಿ ಕೂಸುಗಳಿಗೆ ಉಣಿಸುವ ‘ರಾಗಿ ಸರಿ’ಯನ್ನು ಅರಿಯದವರು ವಿರಳ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಗಂಟುಕಟ್ಟಿ, ಮೊಳೆತ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದರೆ ಸರಿಹಿಟ್ಟು ಸಿದ್ಧ. ಬಾರ್ಲಿಯನ್ನು ಹೀಗೆಯೇ ಮೊಳೆಯಿಸಿ ಒಣಗಿಸುವುದು ಬೀರು ತಯಾರಿಕೆಯ ಮೊದಲ ಹಂತವೆಂದು ನಾವು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ. ವಿಜ್ಞಾನಕ್ಕೂ ಅಡಿಗೆಮನೆಗೂ ಸಂಬಂಧವಿಲ್ಲವೆಂಬ ತಪ್ಪು ಭಾವನೆಯೇ ಈ ನಗೆಗೆ ಕಾರಣ.

ಧಾನ್ಯದ ಬಹುಭಾಗ ಪಿಷ್ಟ. ಬೀರಿಗೆ ಬಳಸುವ ಯೀಸ್ಟ್ ಅದನ್ನು ನೇರವಾಗಿ ಉಪಯೋಗಿಸಿಕೊಳ್ಳಲಾರದು. ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿ ಮಾರ್ಪಡಿಸುತ್ತದೆ.

ಈ ಕಲೆ ಬಹು ಪುರಾತನವಾದುದು. ಪಶ್ಚಿಮ ಇರಾನಿನ ಗೋಡಿನ್ ತೆಪೆಯಲ್ಲಿ ದೊರೆತ, ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಮಡಕೆಯೊಂದರ ಒಳಮೈಯಲ್ಲಿ, ಬೀರು ಬಿಟ್ಟುಹೋಗುವ ಕ್ಯಾಲ್ಸಿಯಂ ಆಕ್ಸಲೇಟನ್ನು ರಸಾಯನಜ್ಞರು ಗುರುತಿಸಿದ್ದಾರೆ. ಸುಮೇರಿನ ಜನರಿಗೆ ನಿನ್ಕಸಿ ಎಂಬ ಬೀರಿನ ದೇವತೆಯೇ ಇದ್ದಳು. ನಮ್ಮ ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ, ಉಗಾಂಡದ ತೇಸೊ ಜನರು ಮೊಳೆತ ರಾಗಿಯಿಂದ ‘ಅಜೋನ್’ ಎಂಬ ಬೀರನ್ನು ಮಾಡಿ, ಒಂದೇ ಗಡಿಗೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಹೀರುತ್ತಾರೆ. ಅಲ್ಲಿ ಬೀರಿನ ಗಡಿಗೆಯನ್ನು ಸೇರುವ ಮೊಳಕೆಯೇ ಇಲ್ಲಿ ಕೂಸಿನ ಬಟ್ಟಲನ್ನು ಸೇರುತ್ತದೆ.

ವಿಜ್ಞಾನವೂ ಈ ಮೊಳಕೆಗೆ ಋಣಿಯಾಗಿದೆ. 1833ರಲ್ಲಿ ಪಾಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ಮೊಳೆತ ಬಾರ್ಲಿಯಿಂದ ‘ಡಯಾಸ್ಟೇಸ್’ ಅನ್ನು ಬೇರ್ಪಡಿಸಿದರು. ಹಾಗೆ ಬೇರ್ಪಡಿಸಲಾದ ಮೊದಲ ಕಿಣ್ವವೇ ಅದು. ಪಾಸ್ತರನು 1876ರಲ್ಲಿ ಬೀರನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿದನು. ಭೌತವಿಜ್ಞಾನದಲ್ಲಿ ಶಾಖಕ್ಕೂ ಕಾರ್ಯಕ್ಕೂ ಇರುವ ಸಂಬಂಧವನ್ನು ಅಳೆದ ಜೌಲನು ಬೀರು ತಯಾರಕರ ಮನೆತನದವನು. ‘ಕಿಣ್ವ’ವೆಂಬ ನಮ್ಮ ಪಾರಿಭಾಷಿಕ ಪದವೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ವಸ್ತುವಿನ ಹೆಸರಾಗಿಯೇ ಬಂದಿದೆ.

ಇದನ್ನೆಲ್ಲ ಹೇಳುವುದು ಬೀರನ್ನು ಹೊಗಳಲೆಂದಲ್ಲ. ನಮ್ಮ ಕಾಳಜಿ ಸರಿಹಿಟ್ಟಿನದು. ಮೊಳೆಯಿಸದ ರಾಗಿಯ ಹಿಟ್ಟು ಬೆಂದಾಗ ಮಂದವಾಗುತ್ತದೆ. ತಾಯಿ ನೀರು ಬೆರೆಸಿ ತೆಳುಮಾಡುತ್ತಾಳೆ. ಕೂಸಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳೆತ ರಾಗಿಯಲ್ಲಾದರೋ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಗಂಜಿಯ ಸ್ನಿಗ್ಧತೆ ತಗ್ಗಿ, ಅದೇ ಬಟ್ಟಲಿನಲ್ಲಿ ಹೆಚ್ಚು ಧಾನ್ಯ ಹಿಡಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳೆತ ರಾಗಿ ಮತ್ತು ಹೆಸರುಕಾಳಿನಿಂದ ಇಂತಹ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಅತಿಯಾಗಿ ಹುರಿದರೆ ಕಿಣ್ವ ಕೆಡುತ್ತದೆ; ಅಜ್ಜಿ ಹೇಳುವ ‘ಹದ’ದ ಅರ್ಥ ಇದೇ.

ಆದುದರಿಂದ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಪಾಠಗಳಲ್ಲಿ ಇದಕ್ಕೂ ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ. ಮೊಳೆತ ಮತ್ತು ಮೊಳೆಯದ ರಾಗಿಹಿಟ್ಟನ್ನು ಸಮತೂಕದಲ್ಲಿ ತೆಗೆದುಕೊಂಡು, ಸಮಪ್ರಮಾಣದ ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿರಿ. ಎರಡು ಗಂಜಿಗಳೂ ಸೌಟಿನಿಂದ ಇಳಿಯುವ ಬಗೆಯನ್ನು ಹೋಲಿಸಿರಿ. ಅದಕ್ಕೂ ಮೊದಲು ಮನೆಯ ಹಿರಿಯರಲ್ಲಿ ಸರಿಹಿಟ್ಟು ಮಾಡುವ ಕ್ರಮವನ್ನು ಕೇಳಿ ಬರೆದಿಟ್ಟುಕೊಳ್ಳಿರಿ.