ತರಗತಿಯಿಲ್ಲದ ಪದವಿಗೆ ಹೊಣೆ ಯಾರು?

ನಂಗಲಿಯಲ್ಲಿ ಬೆಳಗಿನ ಬಸ್ಸಿಗೆ ಕಾದು ನಿಂತ ನಮ್ಮ ಹೆಣ್ಣುಮಕ್ಕಳನ್ನು ಕಂಡಾಗ ಸಮುದಾಯ ಎಚ್ಚೆತ್ತುಕೊಂಡಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆ ಸಕಾರಣವೇ. 2006ರಲ್ಲಿ ಸಾಚಾರ್ ಸಮಿತಿಯು ದೇಶದ ಮುಂದಿಟ್ಟ ವರದಿಯ ಪ್ರಕಾರ, 2001ರ ಜನಗಣತಿಯಲ್ಲಿ ಇಪ್ಪತ್ತು ವರ್ಷ ಮೇಲ್ಪಟ್ಟವರ ಪೈಕಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 7ರಷ್ಟಿದ್ದರೆ, ಮುಸ್ಲಿಮರಲ್ಲಿ ಅವರ ಪ್ರಮಾಣ ಶೇ. 4ನ್ನೂ ಮುಟ್ಟಿರಲಿಲ್ಲ. ಅಂತಹ ಸಮುದಾಯದ ಮಗಳೊಬ್ಬಳು ಕಾಲೇಜಿನ ಮೆಟ್ಟಿಲು ಹತ್ತುವುದು ಸಣ್ಣ ಸಂಗತಿಯಲ್ಲ. ಆದರೆ ಮೆಟ್ಟಿಲು ಹತ್ತಿದ ಮೇಲೆ ಒಳಗೆ ಅವಳಿಗೆ ದೊರೆಯುತ್ತಿರುವುದೇನು? ಈ ಪ್ರಶ್ನೆಯನ್ನು ಸರಕಾರವೂ ಕೇಳುತ್ತಿಲ್ಲ, ನಾವೂ ಕೇಳುತ್ತಿಲ್ಲ.

2021ರಲ್ಲಿ ಪದವಿಗೆ ಸೇರಿದ ತಂಡವನ್ನೇ ನೋಡೋಣ. ಆ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರಕಾರವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೊಳಿಸಿ ಆದೇಶ ಹೊರಡಿಸಿತು. ದೇಶದಲ್ಲೇ ಮೊದಲಿಗರೆನಿಸಿಕೊಳ್ಳುವ ಆತುರ ಅಂದಿನ ಆಡಳಿತಕ್ಕಿತ್ತು. ಪಠ್ಯಪುಸ್ತಕ, ಅಧ್ಯಾಪಕ, ಪ್ರಯೋಗಾಲಯ ಸಿದ್ಧವಾಗಿವೆಯೇ ಎಂದು ವಿಚಾರಿಸುವ ವ್ಯವಧಾನವಿರಲಿಲ್ಲ. ಮುಕ್ತ ಆಯ್ಕೆ, ಕೌಶಲ ವರ್ಧನೆ, ಡಿಜಿಟಲ್ ಫ್ಲುಯೆನ್ಸಿ ಎಂಬ ಹೆಸರುಗಳು ಕೇಳಲು ಸೊಗಸಾಗಿದ್ದವು. ಆದರೆ ಗಣಕಯಂತ್ರಗಳಿಗೇ ಬರವಿರುವ ಕಾಲೇಜಿನಲ್ಲಿ ಡಿಜಿಟಲ್ ಪಾಠವು ಕಪ್ಪುಹಲಗೆಯ ಮೇಲೆಯೇ ನಡೆಯಬೇಕಲ್ಲವೇ? ಕಲಿಸುವವರಿದ್ದ ವಿಷಯವನ್ನೇ ಆರಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ ಮುಕ್ತ ಆಯ್ಕೆ ಎಂಬುದಕ್ಕೆ ಅರ್ಥವೇನು?

ಅದೇ ತಂಡವು ಮೊದಲ ವರ್ಷದಲ್ಲೇ ಅತಿಥಿ ಉಪನ್ಯಾಸಕರ ಮುಷ್ಕರವನ್ನು ಕಂಡಿತು. ಹಿಜಾಬ್ ವಿವಾದ ಭುಗಿಲೆದ್ದು, 2022ರ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಹೊರಬಂದದ್ದೂ ಅದೇ ವರ್ಷ. ಪಾಠಕ್ಕಿಂತ ಮೊದಲು ಗೇಟಿನ ಚಿಂತೆ ಹೊತ್ತು ಹೊರಟ ಹೆಣ್ಣುಮಕ್ಕಳ ಆ ವರ್ಷದ ಕಲಿಕೆಯನ್ನು ಯಾವ ಅಂಕಪಟ್ಟಿ ದಾಖಲಿಸೀತು? ಪದವಿಯ ಕೊನೆಯ ವರ್ಷದಲ್ಲಿ, 2023ರ ನವೆಂಬರ್‌ನಿಂದ, ಅತಿಥಿ ಉಪನ್ಯಾಸಕರು ಮತ್ತೆ ಬೀದಿಗಿಳಿದರು. ಮೂರು ವರ್ಷದ ಪದವಿಯಲ್ಲಿ ಎರಡು ಮುಷ್ಕರ!

ನಾವು ಆ ಉಪನ್ಯಾಸಕರನ್ನು ದೂಷಿಸಲಾರೆವು. ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿಗಳೆಂಬ ಹೆಸರಿನಲ್ಲಿ ದುಡಿದಿದ್ದಾರೆ. ವರ್ಷಗಟ್ಟಲೆ ಮನೆಯ ಭಾರವನ್ನೆಲ್ಲ ಹೊರಿಸಿ, ಊಟದ ಹೊತ್ತಿಗೆ ಮಾತ್ರ ಅತಿಥಿಯೆಂದು ಹೊರಗೆ ಕೂರಿಸುವುದು ಯಾವ ಆತಿಥ್ಯ? ಮುಂದಿನ ವರ್ಷ ತನಗೆ ಕೆಲಸವಿದೆಯೋ ಇಲ್ಲವೋ ತಿಳಿಯದ ಅಧ್ಯಾಪಕನು ವಿದ್ಯಾರ್ಥಿಯ ಭವಿಷ್ಯದ ಕುರಿತು ಭರವಸೆಯಿಂದ ಮಾತನಾಡುವುದಾದರೂ ಹೇಗೆ? ಸೆಮಿಸ್ಟರ್ ಆರಂಭವಾಗಿ ವಾರಗಳು ಕಳೆದ ಮೇಲೆ ನೇಮಕ, ಅವಸರದ ಪಾಠ, ಗೈಡಿನ ಟಿಪ್ಪಣಿ, ಪರೀಕ್ಷೆ! ನಂಗಲಿ, ಮುಳಬಾಗಿಲು ಕಡೆಯ ವಿದ್ಯಾರ್ಥಿಗಳೊಡನೆ ಮಾತಿಗೆ ಕುಳಿತಾಗ ನಮಗೆ ಮತ್ತೆ ಮತ್ತೆ ಕೇಳಿಬಂದದ್ದು ಈ ಕಥೆಯೇ.

2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. ಸುಖದೇವ್ ಥೋರಟ್ ನೇತೃತ್ವದ ಆಯೋಗದ ಮಧ್ಯಂತರ ವರದಿಯನ್ನಾಧರಿಸಿ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷದ ಪದವಿಗೆ ಮರಳಲಾಯಿತು. ಈ ನಿರ್ಧಾರವನ್ನು ನಾವು ತಪ್ಪೆನ್ನುವುದಿಲ್ಲ. ಒಂದು ವರ್ಷ ಓದಿದರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂಬ ಹಿಂದಿನ ವ್ಯವಸ್ಥೆಯು, ಬಡವರ ಮಕ್ಕಳನ್ನು ನಡುದಾರಿಯಲ್ಲೇ ಬಿಡಿಸಿಕೊಳ್ಳಲು ಸಭ್ಯವಾದ ಬಾಗಿಲನ್ನು ತೆರೆದಿತ್ತು. ಆದರೆ ಒಂದೇ ಮನೆಯ ಅಕ್ಕ 2021ರಲ್ಲಿ, ತಂಗಿ 2024ರಲ್ಲಿ ಸೇರಿದ್ದರೆ ಅಕ್ಕನ ಪುಸ್ತಕ ತಂಗಿಗೆ ಬಾರದು. ಪಠ್ಯಕ್ರಮ ಬದಲಾಯಿತು, ಸರಕಾರ ಬದಲಾಯಿತು. ಬದಲಾಗದೆ ಉಳಿದದ್ದು ಖಾಲಿ ಹುದ್ದೆಯೊಂದೇ.

ಕೋಲಾರ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿಲ್ಲವೇ ಎಂದು ಕೇಳುವವರಿದ್ದಾರೆ. ಬಂದಿದೆ. ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿ, 2017ರಲ್ಲಿ ಟಮಕದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವನ್ನು ಆರಂಭಿಸಲಾಯಿತು. ಹೆಣ್ಣುಮಕ್ಕಳಿಗೆ ಉಚಿತ ಬಸ್ ಇಲ್ಲವೇ ಎನ್ನುವವರೂ ಇದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯೂ ಇದೆ, ಅದು ಉಪಕಾರವೇ ಹೌದು. ಆದರೆ ಬಸ್ಸು ಕಾಲೇಜಿನ ಬಾಗಿಲ ತನಕ ಒಯ್ಯಬಲ್ಲದು, ಪಾಠ ಹೇಳಲಾರದು.

ಮಕ್ಕಳಿಗೆ ಓದುವ ಮನಸ್ಸಿಲ್ಲ ಎಂಬುದು ಮೂರನೆಯ ಸಮಜಾಯಿಷಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷ್. ಗಡಿನಾಡಿನ ವಿದ್ಯಾರ್ಥಿ ಹೀಗೆ ನಾಲ್ಕು ಭಾಷೆಗಳನ್ನು ಹೊತ್ತು ತರಗತಿಗೆ ಬರುತ್ತಾನೆ. ಅವನಿಗೆ ಮನಸ್ಸಿಲ್ಲವೆನ್ನುವ ಮೊದಲು, ಅವನಿಗೆ ಅರ್ಥವಾಗುವಂತೆ ವಿವರಿಸುವ ಅಧ್ಯಾಪಕರಿದ್ದರೇ ಎಂದು ಕೇಳುವುದು ನ್ಯಾಯ.

ಇಷ್ಟು ಹೇಳಿ ಸರಕಾರದತ್ತ ಬೆರಳು ತೋರಿಸಿ ನಾವು ಪಾರಾಗಲಾಗದು. ವಡ್ಡಹಳ್ಳಿಯ ಮಾರುಕಟ್ಟೆಯಲ್ಲಿ ಮೇಲಿನ ಸಾಲಿನ ಹಣ್ಣನ್ನು ಮಾತ್ರ ನೋಡಿ ಟೊಮೆಟೊ ಬಾಕ್ಸ್ ಕೊಳ್ಳುವ ವ್ಯಾಪಾರಿ ಇದ್ದಾನೆಯೇ? ಕೆಳಗಿನ ಹಣ್ಣನ್ನೂ ಮುಟ್ಟಿ ನೋಡುತ್ತಾನೆ. ಮಕ್ಕಳ ಮೂರು ವರ್ಷಗಳ ವಿಷಯದಲ್ಲಿ ಮಾತ್ರ ನಾವು ಪಾಸಾಯಿತೇ ಎಂದಷ್ಟೇ ಕೇಳಿ ಸುಮ್ಮನಾಗುತ್ತೇವೆ. ಮಗಳ ಪದವಿ ನಮಗೆ ಸಂಬಂಧ ಕುದುರಿಸುವ ಅರ್ಹತೆ, ಮಗನ ಪದವಿ ನರಸಾಪುರದ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಜೋಡಿಸುವ ಕಾಗದ. ಮದುವೆ ಮಂಟಪದ ಅಲಂಕಾರಕ್ಕೆ ಸಾಲ ಮಾಡುವ ನಾವು ಒಂದು ಪುಸ್ತಕಕ್ಕೆ ಲೆಕ್ಕ ಹಾಕುತ್ತೇವೆ. ಪಾಲಕರ ಸಭೆಯಲ್ಲಿ ನಮ್ಮ ಕುರ್ಚಿ ಖಾಲಿಯಿರುವಾಗ ಅಧ್ಯಾಪಕರ ಕುರ್ಚಿ ಖಾಲಿಯಿರುವುದನ್ನು ಪ್ರಶ್ನಿಸುವ ನೈತಿಕ ಬಲ ನಮಗೆ ಎಲ್ಲಿಂದ ಬರಬೇಕು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸೆಮಿಸ್ಟರ್ ಆರಂಭದ ದಿನವೇ ಪ್ರತಿ ವಿಷಯಕ್ಕೂ ಅಧ್ಯಾಪಕರಿರಬೇಕು. ಖಾಯಂ ಹುದ್ದೆಗಳು ಭರ್ತಿಯಾಗಬೇಕು. ಪುಸ್ತಕ ಸಿದ್ಧವಾಗದೆ ಹೊಸ ಪಠ್ಯಕ್ರಮ ಜಾರಿಯಾಗಕೂಡದು. ಅಂಕಪಟ್ಟಿಯು ಮುಂದಿನ ಕೋರ್ಸಿನ ಪ್ರವೇಶ ಮುಗಿಯುವ ಮೊದಲೇ ವಿದ್ಯಾರ್ಥಿಯ ಕೈಸೇರಬೇಕು. ಇವನ್ನು ಕೇಳಲು ಪ್ರತಿ ಮೊಹಲ್ಲಾದ ಪಾಲಕರು ಎಲ್ಲ ಸಮುದಾಯಗಳ ಪಾಲಕರೊಂದಿಗೆ ಕೂಡಿ ಕಾಲೇಜಿಗೆ ಹೋಗಬೇಕು. ಖಾಲಿ ತರಗತಿಯಲ್ಲಿ ಕುಳಿತು ಬರುವ ಮಕ್ಕಳಿಗೆ ಜಾತಿ ಧರ್ಮದ ಭೇದವಿಲ್ಲ.

ಇಂದು ಸಂಜೆ ಬಸ್ಸಿಳಿದು ಬರುವ ಮಗಳನ್ನು ಒಂದೇ ಪ್ರಶ್ನೆ ಕೇಳಿ ನೋಡಿ: ಇವತ್ತು ಎಷ್ಟು ತರಗತಿ ನಡೆಯಿತಮ್ಮಾ? ಅವಳು ತಲೆ ತಗ್ಗಿಸಿದರೆ, ನಾಳೆ ಅವಳ ಜೊತೆ ಬಸ್ಸು ಹತ್ತಬೇಕಾದವರು ನಾವು.