ಮಕ್ಕಳಿಗೆ ಎಡಬಲಗಳ ಪಾಠ

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ನೆರೆಹೊರೆಯಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಬಹುಬೇಗ ಕಲಿಯುತ್ತಾರೆ. ಅನ್ನ, ಹಾಲು, ಅಜ್ಜಿ ಎಂಬ ಕನ್ನಡದ ಮಾತುಗಳೂ ಮನೆಯಲ್ಲಿ ಹೇಗೋ ಉಳಿದುಕೊಳ್ಳುತ್ತವೆ. ಆದರೆ ಮೇಲೆ, ಕೆಳಗೆ, ಆಚೆ, ಈಚೆ, ಎಡ, ಬಲ ಎಂಬ ಸಣ್ಣ ಪದಗಳು ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಜಾರಿಹೋಗುತ್ತಿವೆ. ರಜೆಗೆಂದು ಧಾರವಾಡಕ್ಕೆ ಹೋದ ಮೊಮ್ಮಗು, ‘ಕಪಾಟಿನ ಹಿಂದ ಐತಿ ನೋಡು’ ಎಂದು ಅಜ್ಜಿ ಹೇಳಿದರೆ ಕಪಾಟಿನ ಮುಂದೆಯೇ ತಬ್ಬಿಬ್ಬಾಗಿ ನಿಲ್ಲುತ್ತದೆ.

ಇದು ಕೇವಲ ಭಾಷಾಭಿಮಾನದ ಪ್ರಶ್ನೆಯಲ್ಲ. ಹೊಟ್ಟೆನೋವೆಂದು ಅಳುವ ಮಗು, ನೋವು ಹೊಕ್ಕುಳಿನ ಮೇಲೋ ಕೆಳಗೋ, ಎಡಕ್ಕೋ ಬಲಕ್ಕೋ ಎಂದು ಹೇಳಬಲ್ಲುದಾದರೆ ತಾಯಿಗೂ ವೈದ್ಯರಿಗೂ ಎಷ್ಟೊಂದು ಅನುಕೂಲ! ರಸ್ತೆ ದಾಟುವಾಗ ‘ಮೊದಲು ಬಲಕ್ಕೆ ನೋಡು’ ಎಂಬ ಮಾತು ಅರ್ಥವಾಗದಿದ್ದರೆ ಎಚ್ಚರಿಕೆಯೇ ವ್ಯರ್ಥವಾದಂತೆ.

ಮೂರು ಭಾಷೆಗಳಿಂದ ಮಗುವಿಗೆ ಗೊಂದಲವಾದೀತೆಂದು ಕೆಲವು ಪಾಲಕರು ಅಂಜುತ್ತಾರೆ. ಅಂಜಿಕೆಗೆ ಕಾರಣವಿಲ್ಲ. ಕನ್ನಡದಲ್ಲಿ ‘ಮೇಜಿನ ಮೇಲೆ’, ಮರಾಠಿಯಲ್ಲಿ ‘ಟೇಬಲಾವರ್’; ಎರಡರಲ್ಲೂ ವಸ್ತು ಮೊದಲು, ಸ್ಥಾನ ಅನಂತರ. ಇಂಗ್ಲಿಷಿನಲ್ಲಿ ಈ ಕ್ರಮ ತಿರುಗುಮುರುಗು. ಭಾವನೆ ಒಮ್ಮೆ ಮನಸ್ಸಿನಲ್ಲಿ ನೆಲೆಗೊಂಡರೆ ಬದಲಾಗುವುದು ಪದ ಮಾತ್ರ.

ಈ ಭಾವನೆ ಗೋಡೆಯ ಪಟಗಳಿಂದ ಬರುವುದಿಲ್ಲ. ಮೈಯ ಚಲನೆಯಿಂದ ಬರುತ್ತದೆ. 1945ರಲ್ಲಿ ಬೋರ್ಡಿ ಗ್ರಾಮದಲ್ಲಿ ಬಾಲವಾಡಿಯನ್ನು ತೆರೆದ ತಾರಾಬಾಯಿ ಮೋಡಕರು ಎಳೆಯರ ಶಿಕ್ಷಣವನ್ನು ಅವರ ಸುತ್ತಲಿನ ಬದುಕಿನ ಮೇಲೆಯೇ ಕಟ್ಟಿದರು. ಕನ್ನಡನಾಡಿನ ಆಟಗಳಂತೂ ಈ ಪಾಠದ ಭಂಡಾರವೇ ಆಗಿವೆ. ‘ಕೆರೆ–ದಡ’ ಆಟಕ್ಕೆ ನೆಲದ ಮೇಲೊಂದು ಗೆರೆ ಸಾಕು; ಕೂಗಿಗೆ ತಕ್ಕಂತೆ ಜಿಗಿಯುವ ಮಗು ಒಳಗು ಹೊರಗುಗಳನ್ನು ಕಾಲಿನಿಂದಲೇ ಕಲಿಯುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಹಿಂದೆ, ಕೆಳಗೆ, ಸಂದಿಯಲ್ಲಿ ಎಂಬವು ತಾವಾಗಿ ಬಾಯಿಗೆ ಬರುತ್ತವೆ. ಚೌಕಾಬಾರದ ಕಾಯಿ ಹೊರಸುತ್ತನ್ನು ಮುಗಿಸಿ ಒಳಮನೆಗೆ ತಿರುಗುವಾಗ ದಿಕ್ಕು ಬದಲಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ.

ಆದರೆ ಅವಸರ ಸಲ್ಲದು. ಒಳಗೆ ಹೊರಗೆ, ಮೇಲೆ ಕೆಳಗೆ ಎಂಬವು ಮೊದಲು, ಎಡಬಲಗಳು ಕೊನೆಗೆ. ಎದುರು ನಿಂತವರ ಬಲಗೈ ಯಾವುದೆಂಬುದು ಏಳೆಂಟು ವರ್ಷಗಳವರೆಗೆ ಕಷ್ಟವೇ ಎಂದು ಮನಶ್ಶಾಸ್ತ್ರಜ್ಞ ಪಿಯಾಜೆ ತೋರಿಸಿಕೊಟ್ಟಿದ್ದಾನೆ. ತಪ್ಪಿದ ಮಗುವನ್ನು ಗದರಿಸುವುದಾಗಲಿ, ಎಡಗೈ ರೂಢಿಯ ಮಗುವನ್ನು ಬಲಗೈಗೆ ಬಲವಂತಪಡಿಸುವುದಾಗಲಿ ಸರಿಯಲ್ಲ.

ದೊಡ್ಡ ಮಕ್ಕಳಿಗೆ ಊರೇ ಆಟದ ಬಯಲು. 1732ರಲ್ಲಿ ಸಿದ್ಧವಾದ ಶನಿವಾರವಾಡೆಯ ದಿಲ್ಲಿ ದರವಾಜ ಬಡಗಣಕ್ಕೆ, ದಿಲ್ಲಿಯ ಕಡೆಗೆ ಮುಖಮಾಡಿದೆ. ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಬಲಗೈ ಮೂಡಣಕ್ಕೆ. ಬಾಗಿಲತ್ತ ತಿರುಗಿದರೆ ಅದೇ ಕೈ ಪಡುವಣಕ್ಕೆ! ಎಡಬಲಗಳು ಮೈಯೊಡನೆ ತಿರುಗುತ್ತವೆ, ದಿಕ್ಕುಗಳು ತಿರುಗುವುದಿಲ್ಲವೆಂಬ ತತ್ತ್ವ ಅಲ್ಲಿ ಒಂದೇ ನಿಮಿಷದಲ್ಲಿ ಮನದಟ್ಟಾಗುತ್ತದೆ. ಸೂರ್ಯ ಮೂಡುವ ಕಡೆ ಮೂಡಣ, ಅವನು ಪಡುವ ಕಡೆ ಪಡುವಣ. ಇಷ್ಟು ಸುಲಭವಾಗಿ ತಮ್ಮ ಅರ್ಥವನ್ನು ತಾವೇ ಹೇಳುವ ಪದಗಳು ಮಕ್ಕಳ ಪಾಲಿಗೆ ಇಲ್ಲವಾಗಬಾರದು.

ಇದಕ್ಕೆ ಹಣ ಬೇಕಿಲ್ಲ. ದಿನಕ್ಕೆ ಹತ್ತು ನಿಮಿಷಗಳ ಉಳಿತಾಯ ಸಾಕು. ಸಂಘಸಂಸ್ಥೆಗಳೂ ರಾಜ್ಯೋತ್ಸವದ ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ವೇಳೆಯನ್ನು ಮಕ್ಕಳ ಕೆರೆ–ದಡಕ್ಕೆ ಬಿಟ್ಟುಕೊಡಲಿ. ವೇದಿಕೆಯ ಮೇಲಿನ ಕನ್ನಡಕ್ಕಿಂತ ವೇದಿಕೆಯ ಕೆಳಗೆ ಜಿಗಿಯುವ ಕನ್ನಡ ಹೆಚ್ಚು ಕಾಲ ಬಾಳೀತು.