ಸಂತೆಹೊಂಡದಿಂದ ಮೇಲಕ್ಕೆ

ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬರುವ ಜನ ದಾರಿ ತೋರಿಸುವವರನ್ನು ಹುಡುಕುವುದಿಲ್ಲ. ಅಮ್ಮ ಊರಿನ ಗುಡಿಯಿಂದ ಹೊರಟು ತುಮ್ಮಲು ಎಂಬ ಜಾಗಕ್ಕೆ ಹೋಗುತ್ತಾಳೆ, ಜನ ಅವಳ ಹಿಂದೆ ಹೋಗುತ್ತಾರೆ, ಹೊಲದಲ್ಲಿ ಬೆಳೆದ ಈರುಳ್ಳಿಯನ್ನು ತೂರಿ ಕೈಮುಗಿಯುತ್ತಾರೆ. ಈ ದಾರಿಯೇ ಯಾಕೆ, ಈರುಳ್ಳಿಯೇ ಯಾಕೆ ಎಂಬುದನ್ನು ಅವರಿಗೆ ಅವ್ವನೋ ಅಜ್ಜಿಯೋ ಯಾವಾಗಲೋ ಹೇಳಿಯಾಗಿದೆ. ಅದೇ ಜನ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ನೋಡಲು ಹೋದಾಗ ಹೀಗಿರುವುದಿಲ್ಲ. ದುರ್ಗ ನಮ್ಮ ಜಿಲ್ಲೆಯ ಊರು, ನಮ್ಮ ನಾಯಕರ ಊರು, ಆದರೆ ಅದರ ಕಲ್ಲಿನ ಬಗ್ಗೆ ಮನೆಯಲ್ಲಿ ಹೇಳಿಕೊಟ್ಟವರಿಲ್ಲ. ಬಾಗಿಲಲ್ಲಿ ಗೈಡ್ ಒಬ್ಬ ಬಂದು ‘ತೋರಿಸಲಾ ಸಾರ್’ ಎಂದರೆ, ‘ಬ್ಯಾಡಪ್ಪ, ನಮಗೆ ಗೊತ್ತೈತಿ’ ಎಂದು ಮುಂದೆ ಹೋಗುತ್ತೇವೆ. ಬೆಂಗಳೂರಿನ ಪೇಟೆಯಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತ, ಹಂಪಿಯಲ್ಲಿ ಹೊರಗಿನವರು ಹಣ ಕೊಟ್ಟು ಗೈಡ್ ಜೊತೆ ನಡೆಯುವುದನ್ನು ಕಂಡರೆ ಅದು ಉಳ್ಳವರ ಹವ್ಯಾಸ ಅನ್ನಿಸುತ್ತದೆ.

ಹಳೆಯ ಊರೊಂದನ್ನು ಗೊತ್ತಿದ್ದವರ ಜೊತೆ ಕಾಲ್ನಡಿಗೆಯಲ್ಲಿ ನೋಡಲು ದುಡ್ಡು ಕೊಡಬೇಕೇ? ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊರಗಿನವರಿಗಿಂತ ಮೊದಲು ನಾವು, ಈ ಜಿಲ್ಲೆಯವರು ಕೊಡಬೇಕು. ಆದರೆ ಗೈಡ್ ಆದವನಿಂದ ನಾವು ಕೇಳಿ ಪಡೆಯಬೇಕಾದ್ದೂ ಇದೆ.

ಮೊದಲು ನೀರಿನ ಮಾತು. ದುರ್ಗದ ಗುಡ್ಡದಲ್ಲಿ ಹೊಳೆ ಇಲ್ಲ. ಏಳು ಸುತ್ತಿನ ಕೋಟೆಯೊಳಗೆ ಸೈನ್ಯ, ಅರಮನೆ, ಗುಡಿ, ದನಕರು ಎಲ್ಲವೂ ಬದುಕಿದ್ದು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಕೋಡಿಯ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಹೆಚ್ಚಾದದ್ದು ಸಿಹಿನೀರು ಹೊಂಡಕ್ಕೆ, ಅದೂ ತುಂಬಿದರೆ ಪೇಟೆಯ ಸಂತೆಹೊಂಡಕ್ಕೆ. ಬರಗಾಲವನ್ನು ಚೆನ್ನಾಗಿ ಬಲ್ಲ ಸೀಮೆಯವರು ಕಟ್ಟಿದ ಏರ್ಪಾಡು ಇದು. ಒಂದು ಹನಿಯನ್ನೂ ಒಮ್ಮೆಗೇ ಕೆಳಗೆ ಬಿಡದೆ, ಹಂತಹಂತವಾಗಿ ನಿಲ್ಲಿಸಿ, ಕೊನೆಗೆ ಊರಿಗೆ ಮುಟ್ಟಿಸುವ ಬುದ್ಧಿ. ಹೈದರಾಲಿ ಒಂದಕ್ಕಿಂತ ಹೆಚ್ಚು ಸಲ ಮುತ್ತಿಗೆ ಹಾಕಿಯೂ 1779ರವರೆಗೆ ಈ ಕೋಟೆಯನ್ನು ವಶಪಡಿಸಿಕೊಳ್ಳಲಾಗದೆ ಹೋದದ್ದಕ್ಕೆ ಗೋಡೆಗಳಷ್ಟೇ ಈ ಹೊಂಡಗಳೂ ಕಾರಣ ಎಂದು ನಾನು ನಂಬುತ್ತೇನೆ.

ಇಡೀ ಏರ್ಪಾಡು ಯಾವ ಒಂದು ಜಾಗದಲ್ಲಿ ನಿಂತರೂ ಕಾಣುವುದಿಲ್ಲ. ಪ್ರತಿ ಹೊಂಡದ ಪಕ್ಕ ಬೋರ್ಡ್ ಹಾಕಿದರೆ ಆ ಹೊಂಡದ ಹೆಸರು ತಿಳಿದೀತು, ಅದರ ಸಂಬಂಧ ತಿಳಿಯದು. ನಡೆಯಬೇಕು, ನಡೆಸುವವರು ಬೇಕು. ಈಗ ನಡೆಯುತ್ತಿರುವುದೇನು? ಬಸ್ಸು, ಕಾರು ನೇರವಾಗಿ ಕೋಟೆಯ ಬಾಗಿಲಿಗೆ ಬರುತ್ತವೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋದವರು ಮದ್ದು ಬೀಸುವ ಕಲ್ಲು, ಓಬವ್ವನ ಕಿಂಡಿ, ಹಿಡಿಂಬೇಶ್ವರ ಗುಡಿ, ಉಯ್ಯಾಲೆ ಕಂಬ ನೋಡಿ, ಫೋಟೋ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಗುಡ್ಡದ ಮೇಲಿನ ಕೋಟೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಆದ್ದರಿಂದ ಟಿಕೆಟ್ ಅಲ್ಲಿಂದ ಶುರು. ಟಿಕೆಟ್ ಶುರುವಾಗುವ ಕಡೆಯಿಂದಲೇ ಚರಿತ್ರೆಯೂ ಶುರು ಎಂದು ನಮ್ಮ ಕಣ್ಣು ತಿಳಿದುಕೊಂಡಿದೆ. ಕೆಳಗಿನ ಪೇಟೆ, ರಂಗಯ್ಯನ ಬಾಗಿಲು, ಅಲ್ಲಿನ ವಸ್ತುಸಂಗ್ರಹಾಲಯ, ಉಚ್ಚಂಗೆಮ್ಮನ ಗುಡಿ, ಸಂತೆಹೊಂಡ ಎಲ್ಲ ಆ ಲೆಕ್ಕದಿಂದ ಹೊರಗೆ ಬಿದ್ದಿವೆ. ಕೋಟೆ ಬೇರೆ, ಊರು ಬೇರೆ ಅಲ್ಲ. ಸಂತೆಹೊಂಡದಿಂದ ನಡಿಗೆ ಶುರು ಮಾಡಿ, ರಂಗಯ್ಯನ ಬಾಗಿಲು ದಾಟಿ, ನೀರು ಇಳಿದ ದಾರಿಯನ್ನೇ ಹಿಡಿದು ಮೇಲೆ ಹತ್ತಿಸುವ ಗೈಡ್ ಒಬ್ಬನಿದ್ದರೆ, ಗುಡ್ಡದವರು ಮಿಗಿಸಿದ ನೀರಿನಲ್ಲಿ ಪೇಟೆಯವರು ಬದುಕಿದ್ದರು ಎಂಬುದು ಕಾಲಿಗೇ ತಿಳಿಯುತ್ತದೆ. ಹಾಗೆ ತಿಳಿದವರು ಹೊಂಡಕ್ಕೆ ಕಸ ಎಸೆಯಲು ಹಿಂಜರಿಯುತ್ತಾರೆ. ಗೈಡ್‌ಗೆ ಕೊಟ್ಟ ಹಣ ಇದೊಂದಕ್ಕೇ ಸಾರ್ಥಕ.

ಎರಡನೆಯದು, ಹೇಳುವ ಮಾತಿಗೆ ಆಧಾರ. ಓಬವ್ವನ ಕಿಂಡಿಯ ಮುಂದೆ ನಿಂತ ಹೆಚ್ಚಿನವರ ಕಣ್ಣಲ್ಲಿ ಇರುವುದು 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲಿ ಒನಕೆ ಹಿಡಿದು ನಿಂತ ಜಯಂತಿಯವರ ಮುಖವೇ ಓಬವ್ವನ ಮುಖ. ಗೈಡುಗಳೂ ಎಷ್ಟೋ ಸಲ ಆ ಚಿತ್ರದ ಕ್ರಮದಲ್ಲೇ ಕಥೆ ಹೇಳುತ್ತಾರೆ. ಕಥೆ ಹೇಳಬಾರದು ಎಂದು ನಾನು ಹೇಳುವುದಿಲ್ಲ. ಹೇಳಲೇಬೇಕು, ಆ ಜಾಗದಲ್ಲಿ ಅದನ್ನು ಕೇಳದೆ ಹಿಂದಿರುಗಿದರೆ ದುರ್ಗಕ್ಕೆ ಹೋದದ್ದೇ ದಂಡ. ಆದರೆ ಹೈದರನ ಕೈಗೆ ಕೋಟೆ ಹೋದ ವರ್ಷ ನಮಗೆ ಬರವಣಿಗೆಯಿಂದ ತಿಳಿದದ್ದು, ಓಬವ್ವ ತಿಳಿದದ್ದು ಜನರ ಬಾಯಿಂದ ಎಂದು ಗೈಡ್ ಬಿಡಿಸಿ ಹೇಳಬೇಕು. ಹಾಗೆ ಹೇಳಿದರೆ ಓಬವ್ವ ಸಣ್ಣವಳಾಗುತ್ತಾಳೆ ಎಂಬ ಭಯ ಕೆಲವರಿಗಿದೆ. ನನಗೆ ಅದು ತಲೆಕೆಳಗಾದ ಭಯವಾಗಿ ಕಾಣುತ್ತದೆ. ಶಾಸನ ಬರೆಸಿದವರು ಅರಸರು, ದಂಡನಾಯಕರು, ದಾನ ಕೊಟ್ಟವರು. ಕಾವಲುಗಾರನೊಬ್ಬನ ಹೆಂಡತಿ, ಬಿಂದಿಗೆ ಹಿಡಿದು ನೀರಿಗೆ ಬಂದು ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದವಳು, ಯಾವ ಕಲ್ಲಿನ ಮೇಲೆ ಬರಬೇಕಿತ್ತು? ಅಂಥವಳನ್ನು ಇನ್ನೂರಕ್ಕೂ ಹೆಚ್ಚು ವರ್ಷ ಉಳಿಸಿದ್ದು ಜನರ ನಾಲಿಗೆ. 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ಅದಕ್ಕೂ ಬಹಳ ಹಿಂದಿನಿಂದ ಅವಳನ್ನು ಹೊತ್ತು ತಂದ ಆ ನಾಲಿಗೆಗೆ ಗೌರವ ಕೊಡುವುದೆಂದರೆ ಅದರ ಹೆಸರು ಹೇಳುವುದು.

ಕೋಟೆಯ ಹಿಂದಿನ ಚಂದ್ರವಳ್ಳಿಗೆ ಹೋದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪುಟ್ಟ ಪ್ರಾಕೃತ ಶಾಸನವಿದೆ. ಅದು ಕೆರೆಯ ಕೆಲಸವನ್ನು ಹೇಳುವ ಶಾಸನ, ಇಲ್ಲಿಯೂ ನೀರೇ. ಎಂ.ಎಚ್. ಕೃಷ್ಣ ಅವರು ಅದನ್ನು ಓದಿದಾಗ ಮಯೂರ ಗೆದ್ದ ರಾಜ್ಯಗಳ ಪಟ್ಟಿಯೇ ಕಂಡಿತು. ಮುಂದೆ ಬಂದ ವಿದ್ವಾಂಸರು ಆ ಓದನ್ನು ಪ್ರಶ್ನಿಸಿದರು. ಸವೆದ ಅಕ್ಷರದ ಮುಂದೆ ನಿಂತು ‘ಇದನ್ನು ಎರಡು ಬಗೆಯಲ್ಲಿ ಓದಿದ್ದಾರೆ’ ಎನ್ನುವ ಗೈಡ್ ಹತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಪಾಠಪುಸ್ತಕ ಕೊಡದ್ದನ್ನು ಕೊಡುತ್ತಾನೆ. ಚರಿತ್ರೆ ಎಂದರೆ ಉರು ಹೊಡೆಯುವುದಲ್ಲ, ನೋಡಿ ವಾದಿಸುವುದು ಎಂಬ ಧೈರ್ಯ ಅದು.

ಮೊಳಕಾಲ್ಮೂರಿನ ಕಡೆಗೆ ಬಂದರೆ ಬ್ರಹ್ಮಗಿರಿ. ಅಲ್ಲಿ ಈಗ ನಗರವಿಲ್ಲ. ಬಂಡೆ, ಹೊಲ, ಕುರಿ, ಬಿಸಿಲು. ಆದರೆ ಅದು ಇಸಿಲ ಎಂಬ ಪಟ್ಟಣವಿದ್ದ ಜಾಗ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಮಣ್ಣಿನ ಕೆಳಗೆ ಕಲ್ಲುಗೊಡಲಿಯ ಕಾಲದವರ ನೆಲೆ, ಬೃಹತ್ ಶಿಲಾ ಗೋರಿಗಳು ಸಿಕ್ಕವು. ಶಾಸನ ಶುರುವಾಗುವುದು ಸುವರ್ಣಗಿರಿಯ ರಾಜಕುಮಾರ, ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವುದರಿಂದ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು ಎಂದು ಮುಂದುವರಿಯುತ್ತದೆ. ಕೊನೆಗೆ ಲಿಪಿಕಾರ ಚಪಡ ತನ್ನ ಹೆಸರು ಹಾಕಿ, ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತವನೊಬ್ಬ ನಮ್ಮ ಹೊಲದ ಬಂಡೆಯ ಮುಂದೆ ಉಳಿ ಹಿಡಿದು ಕೂತಿದ್ದ. ಇದನ್ನು ಹೇಳುವವರಿಲ್ಲದಿದ್ದರೆ ಬ್ರಹ್ಮಗಿರಿಯಲ್ಲಿ ನೋಡಲು ಏನೂ ಇಲ್ಲ. ಹೇಳುವವರಿದ್ದರೆ ಹಂಪಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲಬಹುದು.

ಗುಂಪಿನಲ್ಲಿ ಹೋಗುವುದೋ, ನಮ್ಮ ಮನೆಯವರಿಗಷ್ಟೇ ಗೈಡ್ ಗೊತ್ತು ಮಾಡಿಕೊಳ್ಳುವುದೋ? ಖಾಸಗಿ ನಡಿಗೆಯಲ್ಲಿ ಮೊಣಕಾಲು ನೋಯುವ ಅಜ್ಜಿ ಕೂತುಕೊಳ್ಳಬಹುದು, ಮಗು ಕೇಳಿದ್ದನ್ನೇ ಮತ್ತೆ ಕೇಳಬಹುದು. ಆದರೆ ಅದರಲ್ಲೊಂದು ಅಪಾಯವಿದೆ. ಎದುರಿಗಿರುವುದು ಒಂದೇ ಮನೆಯವರಾದಾಗ ಅವರ ಹೆಸರು, ಜಾತಿ, ಧರ್ಮ ನೋಡಿ ಕಥೆ ತಿರುಗಿಸುವುದು ಸುಲಭ. ದುರ್ಗದಂಥ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಕೋಟೆ ಬಿದ್ದದ್ದಕ್ಕೆ ಒಳಗಿನವರ ದ್ರೋಹ ಕಾರಣ ಎಂಬ ಮಾತಿದೆ. ಆ ಒಳಗಿನವರು ಯಾರು ಎಂಬುದನ್ನು ಕೇಳುವವರ ಮುಖ ನೋಡಿ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಹೇಳಿದರೆ, ಎರಡು ನೂರು ವರ್ಷದ ಹಿಂದಿನ ಯುದ್ಧವನ್ನು ಇವತ್ತಿನ ಬೀದಿಗೆ ತಂದು ಬಿಟ್ಟಂತೆ. ಬೇರೆಯವರ ಕಿವಿ ಇಲ್ಲದ ಕಡೆ ತಿದ್ದುವವರೂ ಇರುವುದಿಲ್ಲ. ದುರ್ಗದ ಕೊನೆಯ ನಾಯಕ ಮದಕರಿಯ ವಂಶದವನೆಂದು ಹೇಳಿಕೊಳ್ಳುವವನಿಗೂ ಶ್ರೀರಂಗಪಟ್ಟಣದಿಂದ ಬಂದ ಮುಸಲ್ಮಾನ ಮನೆಯವರಿಗೂ ಒಂದೇ ಮಾತು ಹೇಳುವ ಗೈಡ್ ಒಳ್ಳೆಯ ಗೈಡ್. ಇಷ್ಟವಾಗುವ ಸುಳ್ಳಿಗೆ ಹೆಚ್ಚು ಭಕ್ಷೀಸು ಕೊಡುವ ಗಿರಾಕಿಯ ತಪ್ಪೂ ಇಲ್ಲಿ ಸಮಪಾಲು.

ಕಲ್ಲಿಗೆ ಅವಮಾನವಾಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಈಗ ಪಟ್ಟಣದ ನಡಿಗೆಗಳು ಕಟ್ಟಡ ಬಿಟ್ಟು ಜನರ ಮನೆಯೊಳಕ್ಕೆ ಬರುತ್ತಿವೆ. ಮೊಳಕಾಲ್ಮೂರಿನ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಮಗ್ಗ ನೋಡಬೇಕೆಂಬ ಆಸೆ ಹೊರಗಿನವರಿಗೆ ಸಹಜ. ಆದರೆ ನೇಕಾರನಿಗೆ ಕೂಲಿ ಸಿಗುವುದು ನೇಯ್ದದ್ದಕ್ಕೆ. ಅವನು ಲಾಳಿ ನಿಲ್ಲಿಸಿ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಹೊತ್ತು ಅವನ ಅನ್ನದ ಹೊತ್ತು. ಗೈಡ್‌ಗೆ ಕೊಟ್ಟ ಹಣದಲ್ಲಿ ಅವನಿಗೊಂದು ಪಾಲಿಲ್ಲದಿದ್ದರೆ ಆ ನಡಿಗೆ ಅನ್ಯಾಯದ್ದು. ಗೊಲ್ಲರಹಟ್ಟಿ, ಮ್ಯಾಸನಾಯಕರ ಹಟ್ಟಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಪ್ರದರ್ಶನಕ್ಕೆ ನಿಂತವನಲ್ಲ. ಮ್ಯಾಸನಾಯಕರು ಕೋಳಿ ಮುಟ್ಟದಿರುವುದು, ಹಟ್ಟಿಯ ಗಡಿಯಲ್ಲಿ ಮೆಟ್ಟು ಬಿಡುವುದು, ಇಂಥವು ಹೊರಗಿನವನಿಗೆ ವಿಚಿತ್ರವಾಗಿ ಕಾಣಬಹುದು. ಎಲ್ಲಿ ಹೇಳಬೇಕು, ಎಲ್ಲಿ ‘ಇಲ್ಲಿಗೆ ಸಾಕು, ಮುಂದೆ ಬ್ಯಾಡ’ ಎಂದು ನಿಲ್ಲಿಸಬೇಕು ಎಂಬುದು ಆ ನೆಲದಲ್ಲಿ ಬೆಳೆದವನಿಗಷ್ಟೇ ತಿಳಿಯುವುದು. ಗೈಡ್ ಸ್ಥಳೀಯನೇ ಆಗಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈ ಕೆಲಸಕ್ಕೆ ಬೇಕಾದ ಬಂಡವಾಳ ನಮ್ಮಲ್ಲಿ ಬೇಕಾದಷ್ಟಿದೆ. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಗಾಗಿ ಬದುಕು ಸವೆಸಿದರು. ಗೌರಸಮುದ್ರದ ನೆರೆಯ ತಳುಕಿನ ಮನೆತನದ ತ.ರಾ.ಸು. ‘ದುರ್ಗಾಸ್ತಮಾನ’ ಬರೆದರು, 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಹಾಡು ನೆನಪಿಟ್ಟುಕೊಂಡಿದ್ದಳು. ಬರೆದ ಚರಿತ್ರೆ, ಕಾದಂಬರಿ, ಹಾಡು ಮೂರನ್ನೂ ಓದಿ ಕೇಳಿ, ಇದು ಇದು, ಅದು ಅದು ಎಂದು ಬೇರ್ಪಡಿಸಿ ಹೇಳಬಲ್ಲ ಹತ್ತಿಪ್ಪತ್ತು ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ತಯಾರಾಗುವುದು ಕಷ್ಟವೇನಲ್ಲ. ಬಿ.ಎ. ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಲ್ಲಿ ಅಂಥವರು ಬೇಕಾದಷ್ಟು ಜನ. ಅವರು ಇಲ್ಲಿಯೇ ನಿಲ್ಲಬೇಕಾದರೆ ಈ ಕೆಲಸದಲ್ಲಿ ಮನೆ ನಡೆಯುವಷ್ಟು ಕೂಲಿ ಬರಬೇಕು.

ಆದ್ದರಿಂದ ಮುಂದಿನ ಸಲ ಮಕ್ಕಳನ್ನು ದುರ್ಗಕ್ಕೆ ಕರೆದೊಯ್ಯುವಾಗ ಕಾರನ್ನು ಕೋಟೆಯ ಬಾಗಿಲಿಗೆ ಒಯ್ಯಬೇಡಿ. ಸಂತೆಹೊಂಡದ ಹತ್ತಿರ ಇಳಿಯಿರಿ. ಸ್ಥಳೀಯ ಗೈಡ್ ಒಬ್ಬರನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೊಳ್ಳಿ, ಕೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅವರು ಹೇಳುವ ಪ್ರತಿಯೊಂದಕ್ಕೂ ‘ಇದು ಎಲ್ಲಿಂದ ತಿಳಿಯಿತು?’ ಎಂದು ಕೇಳಲು ಮಕ್ಕಳಿಗೆ ಹೇಳಿಕೊಡಿ.